ಅತಿಮಾನವನ ಜನಕರು

ನೀಲಿ ಉಡುಪು, ಬೆನ್ನ ಮೇಲೆ ಗಾಳಿಗೆ ಹಾರಾಡುವ ಕೆಂಪು ಮೇಲುವಸ್ತ್ರ, ಎದೆಯ ಮೇಲೊಂದು ಲಾಂಛನ, ಅದರೊಳಗೆ ‘ಎಸ್’ ಎಂಬ ಇಂಗ್ಲಿಷ್ ಅಕ್ಷರ. ಇಷ್ಟನ್ನು ಕಂಡೊಡನೆ ಇವನು ಸೂಪರ್‌ಮ್ಯಾನ್ ಎಂದು ಗುರುತಿಸದ ಬಾಲಕ ಬಾಲಕಿಯರು ಇಂದು ವಿರಳ. ನಾಶವಾಗಲಿದ್ದ ಕ್ರಿಪ್ಟಾನ್ ಎಂಬ ಗ್ರಹದಿಂದ ಶಿಶುವಾಗಿ ಭೂಮಿಗೆ ಬಂದವನು ಇವನು. ಕ್ಲಾರ್ಕ್ ಕೆಂಟ್ ಎಂಬ ಹೆಸರಿನಿಂದ ಅಂಜುಬುರುಕ ಪತ್ರಿಕಾ ವರದಿಗಾರನಂತೆ ನಟಿಸುತ್ತ, ಆಪತ್ತು ಒದಗಿದಾಗ ಮಾತ್ರ ನಿಜರೂಪವನ್ನು ತಾಳುವವನು. ಚಿತ್ರಕಥೆ, ರೇಡಿಯೋ ನಾಟಕ, ಚಲನಚಿತ್ರ, ದೂರದರ್ಶನ, ವಿಡಿಯೋ ಆಟ ಇವುಗಳಲ್ಲಿ ಇವನು ಪ್ರವೇಶಿಸದ ಮಾಧ್ಯಮವಿಲ್ಲ. ಇವನ ಕಥೆಯನ್ನು ಬಲ್ಲವರು ಕೋಟ್ಯಂತರ ಮಂದಿ. ಇವನನ್ನು ಮೊದಲು ಕಲ್ಪಿಸಿದವರು ಇಬ್ಬರು ಶಾಲಾ ಹುಡುಗರೆಂಬುದನ್ನು ಬಲ್ಲವರಾದರೋ ಬಹಳ ಕಡಿಮೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೋ ರಾಜ್ಯದಲ್ಲಿ, ಈರೀ ಸರೋವರದ ದಂಡೆಯ ಮೇಲೆ ಕ್ಲೀವ್‌ಲ್ಯಾಂಡ್ ಎಂಬ ಕೈಗಾರಿಕಾ ನಗರವಿದೆ. 1929ರಲ್ಲಿ ತಲೆದೋರಿದ ಆರ್ಥಿಕ ಮುಗ್ಗಟ್ಟಿನಿಂದ ಆ ದೇಶದ ಇತರ ನಗರಗಳಂತೆ ಕ್ಲೀವ್‌ಲ್ಯಾಂಡ್ ಸಹ ತತ್ತರಿಸಿತ್ತು. ಕಾರ್ಖಾನೆಗಳು ಮುಚ್ಚಿದ್ದವು, ದುಡಿಯಬಲ್ಲವರಿಗೆ ದುಡಿಮೆ ದೊರೆಯುತ್ತಿರಲಿಲ್ಲ. ಇಂಥ ದಿನಗಳಲ್ಲಿ ಅಲ್ಲಿನ ಗ್ಲೆನ್‌ವಿಲ್ ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿಗಳ ನಡುವೆ ಗೆಳೆತನ ಬೆಳೆಯಿತು. ಒಬ್ಬರು ಜೆರ್ರಿ ಸೀಗಲ್, ಇನ್ನೊಬ್ಬರು ಜೋ ಶುಸ್ಟರ್. ಇಬ್ಬರೂ 1914ರಲ್ಲಿ ಹುಟ್ಟಿದವರು. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಇಬ್ಬರೂ ಕನ್ನಡಕಧಾರಿಗಳು, ಸಂಕೋಚ ಸ್ವಭಾವದವರು. ಸೀಗಲ್‌ಗೆ ಕಥೆ ಹೆಣೆಯುವ ಹುಚ್ಚು, ಶುಸ್ಟರ್‌ಗೆ ಚಿತ್ರ ಬರೆಯುವ ಹುಚ್ಚು. ವಿಜ್ಞಾನಕಲ್ಪಿತ ಕಥೆಗಳ ಅಗ್ಗದ ಪತ್ರಿಕೆಗಳೆಂದರೆ ಇಬ್ಬರಿಗೂ ಪ್ರಾಣ.

ಶುಸ್ಟರ್ ಅವರ ಮನೆಯಲ್ಲಿ ಕಾಗದಕ್ಕೂ ಬಡತನ. ಗೋಡೆಗೆ ಅಂಟಿಸುವ ಕಾಗದದ ಹಿಂಬದಿ, ಅಂಗಡಿಯವರು ಪೊಟ್ಟಣ ಕಟ್ಟುವ ಕಾಗದ, ಹೀಗೆ ಕೈಗೆ ಸಿಕ್ಕಿದುದರ ಮೇಲೆಲ್ಲ ಅವರು ಚಿತ್ರ ಬರೆದರು. ತಾಯಿ ರೊಟ್ಟಿಯ ಹಿಟ್ಟನ್ನು ನಾದುತ್ತಿದ್ದ ಹಲಗೆಯೇ ಅವರ ಚಿತ್ರಫಲಕ. ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿರಿಸಲು ಇದ್ದಿಲು ಇಲ್ಲದಾಗ ಒಂದರ ಮೇಲೊಂದು ಅಂಗಿ ತೊಟ್ಟು, ಕೈಗವಸು ಹಾಕಿಕೊಂಡೇ ರೇಖೆಗಳನ್ನು ಎಳೆದದ್ದುಂಟು. ಸೀಗಲ್ ಅವರ ತಂದೆಗೆ ಬಟ್ಟೆಯ ಅಂಗಡಿಯಿತ್ತು. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದ ಸಂದರ್ಭದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಗುಂಡೂ ನಾಟದ, ದುಷ್ಟರನ್ನು ಹಿಡಿದು ಕೊಡುವ ವೀರನ ಕಲ್ಪನೆ ಮಗನಲ್ಲಿ ಮೂಡಿದುದು ಈ ಆಘಾತದಿಂದಲೇ ಎಂದು ಕೆಲವರು ಊಹಿಸಿದ್ದಾರೆ. ಊಹೆಯನ್ನು ಊಹೆಯಾಗಿಯೇ ಇರಿಸುವುದು ಲೇಸು.

ಸ್ವಾರಸ್ಯದ ಸಂಗತಿಯೆಂದರೆ ಅವರ ಮೊದಲ ‘ಸೂಪರ್‌ಮ್ಯಾನ್’ ವೀರನಾಗಿರಲಿಲ್ಲ, ಖಳನಾಗಿದ್ದ. 1933ರ ಜನವರಿಯಲ್ಲಿ ತಾವೇ ಸೈಕ್ಲೋಸ್ಟೈಲ್ ಮಾಡಿ ಹೊರಡಿಸಿದ ಸಣ್ಣ ಪತ್ರಿಕೆಯಲ್ಲಿ ಸೀಗಲ್ ಬರೆದ ಕಥೆಯ ನಾಯಕ, ಪರರ ಮನಸ್ಸನ್ನು ಓದುವ ಶಕ್ತಿಯನ್ನು ಪಡೆದು ಜಗತ್ತನ್ನೇ ಆಳಹೊರಟ ಬೋಳುತಲೆಯ ದುರುಳ. ಅಸಾಧಾರಣ ಶಕ್ತಿಯು ಕೇಡಿಗೇ ದಾರಿಯಾಗಬೇಕೇಕೆ, ಅದನ್ನು ನಿರ್ಗತಿಕರ ರಕ್ಷಣೆಗೆ ಬಳಸುವವನನ್ನು ಏಕೆ ಕಲ್ಪಿಸಬಾರದು ಎಂಬ ಆಲೋಚನೆ ಅನಂತರ ಹೊಳೆಯಿತು. ಹೊಸ ನಾಯಕನಿಗೆ ಸರ್ಕಸ್ಸಿನ ಜಟ್ಟಿಗಳಂತೆ ಮೈಗಂಟಿದ ಉಡುಪನ್ನು ಶುಸ್ಟರ್ ತೊಡಿಸಿದರು. ಹಾರುವ ಮೇಲುವಸ್ತ್ರವಿದ್ದರೆ ಕಾಗದದ ಮೇಲಿನ ನಿಶ್ಚಲ ಚಿತ್ರಕ್ಕೂ ಚಲನೆಯ ಭಾವ ಬರುತ್ತದೆಂಬುದನ್ನು ಆ ಎಳೆಯ ಕಲಾವಿದ ಕಂಡುಕೊಂಡಿದ್ದು ಮೆಚ್ಚತಕ್ಕ ಮಾತು. ಟೊರಾಂಟೋ ನಗರದಲ್ಲಿ ಹುಟ್ಟಿದ ಶುಸ್ಟರ್ ಬಾಲ್ಯದಲ್ಲಿ ಅಲ್ಲಿನ ಬೀದಿಗಳಲ್ಲಿ ‘ಡೈಲಿ ಸ್ಟಾರ್’ ಪತ್ರಿಕೆಯನ್ನು ಮಾರಿದ್ದರು. ಕ್ಲಾರ್ಕ್ ಕೆಂಟ್ ಮೊದಲು ಕೆಲಸಕ್ಕೆ ಸೇರಿದ್ದೂ ‘ಡೈಲಿ ಸ್ಟಾರ್’ ಕಚೇರಿಗೇ. ಅಂಜುವ ಕ್ಲಾರ್ಕ್ ಕೆಂಟನ ಮೂಗಿನ ಮೇಲಿನ ಕನ್ನಡಕ ಎಲ್ಲಿಂದ ಬಂದಿತೆಂದು ಹೇಳಬೇಕಾಗಿಲ್ಲ.

ಕೃತಿ ಸಿದ್ಧವಾಯಿತು, ಕೊಳ್ಳುವವರಿರಲಿಲ್ಲ. ದಿನಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಒದಗಿಸುವ ಸಂಸ್ಥೆಗಳು ಒಂದಾದ ಮೇಲೊಂದರಂತೆ ಅದನ್ನು ಹಿಂದಿರುಗಿಸಿದವು. ಪಕ್ವವಾಗದ ಬರಹವೆಂಬ ತಿರಸ್ಕಾರವೂ ಬಂದಿತು. ಈ ನಡುವೆ ಗೆಳೆಯರಿಬ್ಬರೂ ನ್ಯೂಯಾರ್ಕಿನ ಚಿತ್ರಕಥಾ ಪತ್ರಿಕೆಗಳಿಗೆ ಬೇರೆ ಕಥೆಗಳನ್ನು ಪುಟದ ಲೆಕ್ಕದಲ್ಲಿ ಒದಗಿಸುತ್ತ ಹೇಗೋ ದಿನ ನೂಕುತ್ತಿದ್ದರು. 1938ರಲ್ಲಿ ಅದೇ ಪ್ರಕಾಶಕರು ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಹೊಸ ಮಾಸಿಕವನ್ನು ಆರಂಭಿಸುವ ಆತುರದಲ್ಲಿದ್ದಾಗ ಮೂಲೆಗೆ ಬಿದ್ದಿದ್ದ ಸೂಪರ್‌ಮ್ಯಾನನ ನೆನಪಾಯಿತು. ಹದಿಮೂರು ಪುಟಗಳ ಕಥೆ. ಪುಟಕ್ಕೆ 10 ಡಾಲರಿನಂತೆ 130 ಡಾಲರು. ಆ ವರ್ಷದ ಮಾರ್ಚ್ 1ರ ದಿನಾಂಕದ ಚೆಕ್ಕಿನೊಡನೆ ಒಂದು ಕರಾರುಪತ್ರವೂ ಇತ್ತು. ಕಥೆ, ಪಾತ್ರ, ಹೆಸರು ಇವೆಲ್ಲವುಗಳ ಹಕ್ಕು ಎಂದೆಂದಿಗೂ ಪ್ರಕಾಶಕರದೇ ಎಂಬುದು ಅದರ ಸಾರಾಂಶ. ಇಪ್ಪತ್ತಮೂರು ವರ್ಷದ ಗೆಳೆಯರು ರುಜು ಹಾಕಿದರು.

ಪತ್ರಿಕೆಯ ಬೆಲೆ 10 ಸೆಂಟು. ಅಂದರೆ 1,300 ಪ್ರತಿಗಳ ಮಾರಾಟದ ಹಣಕ್ಕೆ ಸಮನಾದ ಮೊತ್ತಕ್ಕೆ ಸೂಪರ್‌ಮ್ಯಾನ್ ಶಾಶ್ವತವಾಗಿ ಪರರ ಸ್ವತ್ತಾದ. ಮೊದಲ ಸಂಚಿಕೆ ಅಚ್ಚಾದುದು ಸುಮಾರು 2 ಲಕ್ಷ ಪ್ರತಿಗಳು! ಮುಖಪುಟದಲ್ಲಿ ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿರುವ ಸೂಪರ್‌ಮ್ಯಾನನ ಚಿತ್ರ. ಇದೇನು ವಿಚಿತ್ರ ವೇಷವೆಂದು ಪ್ರಕಾಶಕರೇ ಹಿಂಜರಿದುದರಿಂದ ಏಳನೆಯ ಸಂಚಿಕೆಯವರೆಗೆ ಅವನು ಮತ್ತೆ ಮುಖಪುಟದ ಮೇಲೆ ಬರಲಿಲ್ಲ. ಅಷ್ಟರಲ್ಲಿ ಮಕ್ಕಳು ಅಂಗಡಿಗಳಲ್ಲಿ ಪತ್ರಿಕೆಯ ಹೆಸರನ್ನು ಬಿಟ್ಟು ಸೂಪರ್‌ಮ್ಯಾನ್ ಇರುವ ಪುಸ್ತಕವನ್ನೇ ಕೇಳತೊಡಗಿದ್ದರು.

ಮುಂದೆ ಸೂಪರ್‌ಮ್ಯಾನ್ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ನೆಗೆಯುತ್ತ ಹೋದಂತೆ ಪ್ರತಿಯೊಂದು ಮಾಧ್ಯಮವೂ ಅವನಿಗೆ ಏನನ್ನಾದರೂ ಸೇರಿಸಿತು. 1940ರಲ್ಲಿ ರೇಡಿಯೋ ನಾಟಕಮಾಲೆ ಆರಂಭವಾಯಿತು. ವೇಷ ಬದಲಾಯಿಸುವುದನ್ನು ಕೇಳುಗರಿಗೆ ತೋರಿಸುವುದು ಹೇಗೆ? ನಟ ಬಡ್ ಕಾಲಿಯರ್ ಒಂದೇ ವಾಕ್ಯದ ನಡುವೆ ಕ್ಲಾರ್ಕ್ ಕೆಂಟನ ತೆಳುವಾದ ದನಿಯನ್ನು ಸೂಪರ್‌ಮ್ಯಾನನ ಗಂಭೀರ ದನಿಗೆ ಇಳಿಸಿ ಆ ಕೆಲಸವನ್ನು ಸಾಧಿಸಿದರು. ಕ್ಲಾರ್ಕನ ಕಚೇರಿ ‘ಡೈಲಿ ಪ್ಲಾನೆಟ್’ನ ಎಳೆಯ ಗೆಳೆಯ ಜಿಮ್ಮಿ ಓಲ್ಸನ್ ಪಾತ್ರವಾಗಿ ಬೆಳೆದದ್ದು ರೇಡಿಯೋದಲ್ಲಿ, ವೀರನನ್ನು ನಿರ್ವೀರ್ಯಗೊಳಿಸುವ ಕ್ರಿಪ್ಟೊನೈಟ್ ಎಂಬ ಖನಿಜವನ್ನು ಜನರು ಮೊದಲು ಕೇಳಿದ್ದೂ 1943ರಲ್ಲಿ ರೇಡಿಯೋದಲ್ಲೇ. 1946ರಲ್ಲಿ ಇದೇ ಮಾಲೆ ಜನಾಂಗದ್ವೇಷವನ್ನು ಬಿತ್ತುತ್ತಿದ್ದ ಮುಸುಕುಧಾರಿಗಳ ಗುಂಪನ್ನು ಸೂಪರ್‌ಮ್ಯಾನನ ಎದುರಾಳಿಯಾಗಿ ನಿಲ್ಲಿಸಿತು. ಆ ಗುಂಪಿನ ಮಾದರಿ ಅಂದಿನ ಕು ಕ್ಲಕ್ಸ್ ಕ್ಲಾನ್ ಸಂಘಟನೆಯೆಂಬುದು ಕೇಳಿದವರಿಗೆಲ್ಲ ತಿಳಿಯುವಂತಿತ್ತು. ಆ ಕಥೆಯಲ್ಲಿ ಪೀಡೆಗೊಳಗಾಗುವವನು ಚೀನೀ ಮೂಲದ ಒಬ್ಬ ಬಾಲಕ. ಮಕ್ಕಳ ಮನರಂಜನೆಯೆಂದು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು.

ಹಾರಾಟದ ಕಥೆಯೂ ಹೀಗೆಯೇ. 1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ. ಒಂದು ಮೈಲಿಯ ಎಂಟನೆಯ ಒಂದು ಭಾಗದಷ್ಟು ದೂರ ನೆಗೆಯುತ್ತಿದ್ದನಷ್ಟೆ. 1941ರಲ್ಲಿ ಆರಂಭವಾದ ಬಣ್ಣದ ಚಲಿಸುವ ರೇಖಾಚಿತ್ರಗಳ ಕಾಲಕ್ಕೆ ಮಿಡತೆಯಂತೆ ಕುಪ್ಪಳಿಸುವುದನ್ನು ಬಿಟ್ಟು ಹಾರತೊಡಗಿದ. ರೇಖಾಚಿತ್ರ ಹಾರುವುದು ಸುಲಭ, ಮನುಷ್ಯನನ್ನು ಹಾರಿಸುವುದು ಕಷ್ಟ. 1948ರ ಧಾರಾವಾಹಿ ಚಲನಚಿತ್ರದಲ್ಲಿ ನಟ ನೆಲ ಬಿಟ್ಟೊಡನೆ ಅವನ ಬದಲು ಬರೆದ ಚಿತ್ರ ಕಾಣಿಸಿಕೊಳ್ಳುತ್ತಿತ್ತು! ಕ್ರಿಸ್ಟೋಫರ್ ರೀವ್ ನಾಯಕರಾಗಿ ನಟಿಸಿದ 1978ರ ಚಲನಚಿತ್ರದಲ್ಲಿ ಈ ತೊಡಕಿಗೆ ಜಾಣ್ಮೆಯ ಪರಿಹಾರ ದೊರೆಯಿತು. ನಟನನ್ನು ಒಂದೆಡೆ ತೂಗುಹಾಕಿ, ಅವನ ಹಿಂದಿನ ತೆರೆಯ ಮೇಲೆ ಆಕಾಶದ ಚಿತ್ರವನ್ನು ಬೀಳಿಸುತ್ತಿದ್ದರು. ಚಿತ್ರವನ್ನು ಬೀಳಿಸುವ ಯಂತ್ರಕ್ಕೂ ಅದನ್ನು ಸೆರೆಹಿಡಿಯುವ ಕ್ಯಾಮೆರಾಕ್ಕೂ ಜೂಮ್ ಮಸೂರಗಳನ್ನು ಅಳವಡಿಸಿ, ಎರಡೂ ಒಟ್ಟಿಗೆ ಚಲಿಸುವಂತೆ ಜೋಡಿಸಲಾಗಿತ್ತು. ತೆರೆಯ ಮೇಲಿನ ಆಕಾಶ ಕಿರಿದಾದಷ್ಟೂ ಕ್ಯಾಮೆರಾ ಅದನ್ನು ಹಿರಿದಾಗಿಸುವುದರಿಂದ ಪ್ರೇಕ್ಷಕರ ಕಣ್ಣಿಗೆ ಆಕಾಶ ಇದ್ದಂತೆಯೇ ಇರುತ್ತದೆ. ನಡುವೆ ತೂಗುತ್ತಿರುವ ನಟ ಮಾತ್ರ ದೊಡ್ಡವನಾಗುತ್ತ ತಮ್ಮತ್ತಲೇ ಹಾರಿ ಬಂದಂತೆ ತೋರುತ್ತದೆ. ನಟ ಇದ್ದ ಸ್ಥಳದಿಂದ ಒಂದು ಗೇಣೂ ಕದಲಿರುವುದಿಲ್ಲ. ಝೋರಾನ್ ಪೆರಿಸಿಕ್ ಎಂಬ ತಂತ್ರಜ್ಞ ಇದನ್ನು ರೂಪಿಸಿದರು.

ಮರುವರ್ಷ, ಅಂದರೆ 1979ರಲ್ಲಿ, ಅಟಾರಿ ಸಂಸ್ಥೆ ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ಯಂತ್ರಕ್ಕಾಗಿ ಸೂಪರ್‌ಮ್ಯಾನನ ವಿಡಿಯೋ ಆಟವನ್ನು ಹೊರತಂದಿತು. ಆಟದ ಸಮಸ್ತವೂ ಕೇವಲ 4 ಕಿಲೋಬೈಟುಗಳ ಸ್ಮೃತಿಯೊಳಗೆ ಅಡಕವಾಗಬೇಕಾಗಿತ್ತು. ತೆರೆಯ ಮೇಲಿನ ವೀರ ಬಣ್ಣದ ನಾಲ್ಕಾರು ಚೌಕಗಳ ಗೊಂಬೆ. ಅದಕ್ಕಿಂತ ದೊಡ್ಡ ತೊಡಕು ಬೇರೊಂದಿತ್ತು. ಸಾವೇ ಇಲ್ಲದವನು ಆಟದಲ್ಲಿ ಸೋಲುವುದಾದರೂ ಹೇಗೆ? ಸೋಲಿಲ್ಲದ ಆಟದಲ್ಲಿ ಆಸಕ್ತಿಯಾದರೂ ಯಾರಿಗೆ? ಆಟವನ್ನು ರಚಿಸಿದವರು ಗಡಿಯಾರವನ್ನೇ ಎದುರಾಳಿಯಾಗಿಸಿದರು. ದುಷ್ಟರನ್ನು ಸೆರೆಗೆ ಒಪ್ಪಿಸಿ, ಮುರಿದ ಸೇತುವೆಯನ್ನು ಕಟ್ಟಿ, ಕ್ಲಾರ್ಕ್ ಕೆಂಟನಾಗಿ ಕಚೇರಿಗೆ ಎಷ್ಟು ಬೇಗ ಮರಳಬಹುದೆಂಬುದೇ ಪಂದ್ಯ.

ಹೀಗೆ ವೀರನ ಕೀರ್ತಿ ಏರುತ್ತಿದ್ದಾಗ ಅವನ ಜನಕರ ಗತಿ ಏನಾಗಿತ್ತು? ಆರಂಭದ ಕೆಲವು ವರ್ಷ ಅವರ ಸಂಪಾದನೆ ಚೆನ್ನಾಗಿಯೇ ಇತ್ತು. ಅದನ್ನು ಮರೆಮಾಚುವುದು ಸರಿಯಲ್ಲ. ಕಥೆಗಳನ್ನು ಒದಗಿಸುವ ಕೆಲಸ ಅವರದೇ ಆಗಿತ್ತು, ಸಹಾಯಕರನ್ನಿಟ್ಟುಕೊಂಡು ಚಿತ್ರಶಾಲೆಯನ್ನೂ ನಡೆಸಿದರು. ಆದರೆ ಅದು ಕೂಲಿ, ಒಡೆತನವಲ್ಲ. ಕೃತಿಸ್ವಾಮ್ಯವೆಂದರೆ ಕೃತಿಯನ್ನು ಅಚ್ಚು ಮಾಡುವ, ರೂಪಾಂತರಿಸುವ, ಮಾರುವ ಹಕ್ಕು, ಅದು ಕೈಬಿಟ್ಟಿತ್ತು. ಸೂಪರ್‌ಮ್ಯಾನನ ಬಾಲ್ಯವನ್ನು ಕುರಿತು ಬರೆಯಬಹುದೆಂಬ ಸಲಹೆಯನ್ನು ಸೀಗಲ್ 1938ರಲ್ಲೇ ಪ್ರಕಾಶಕರ ಮುಂದಿಟ್ಟಿದ್ದರು. ಅವರು ಸೈನ್ಯದಲ್ಲಿದ್ದಾಗ, ಅವರನ್ನು ಕೇಳದೆಯೇ, ‘ಸೂಪರ್‌ಬಾಯ್’ ಪ್ರಕಟವಾಯಿತು. 1947ರಲ್ಲಿ ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಸುಮಾರು 94,000 ಡಾಲರಿಗೆ ರಾಜಿಯಾಯಿತು. ಅದರ ಬಹುಪಾಲು ವಕೀಲರ ಪಾಲಾಯಿತು. ಅಂದಿನಿಂದ ಸೂಪರ್‌ಮ್ಯಾನ್ ಕಥೆಗಳ ಮೇಲೆ ಅವರ ಹೆಸರು ಅಚ್ಚಾಗುವುದೂ ನಿಂತಿತು. 1959ರಲ್ಲಿ ಸೀಗಲ್ ಅದೇ ಸಂಸ್ಥೆಗೆ ಬರೆಯಲು ಮರಳಿದಾಗ, ತಾವೇ ಹಡೆದ ವೀರನ ಕಥೆಗಳನ್ನು ಹೆಸರಿಲ್ಲದ ಲೇಖಕರಾಗಿ ಬರೆಯಬೇಕಾಯಿತು.

ಎರಡನೆಯ ಮೊಕದ್ದಮೆಯಲ್ಲೂ 1970ರ ದಶಕದ ಮೊದಲಲ್ಲಿ ಅವರಿಗೆ ಸೋಲಾಯಿತು. ಕರಾರುಪತ್ರ ಸ್ಪಷ್ಟವಾಗಿತ್ತು, ರುಜು ಅವರದೇ ಆಗಿತ್ತು. ಕಾನೂನಿನ ದೃಷ್ಟಿಯಲ್ಲಿ ಪ್ರಕಾಶಕರು ತಪ್ಪಿತಸ್ಥರಲ್ಲ. ಅರವತ್ತರ ಅಂಚಿನ ಸೀಗಲ್ ಲಾಸ್ ಏಂಜಲೀಸಿನಲ್ಲಿ ಟಪಾಲು ಗುಮಾಸ್ತರಾಗಿದ್ದರು. ಶುಸ್ಟರ್ ಅವರ ಕಣ್ಣಿನ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಚಿತ್ರ ಬರೆಯುವ ಕೈ ಇದ್ದೂ ಬರೆಯಲಾಗದ ಸ್ಥಿತಿ.

1975ರಲ್ಲಿ ಸೂಪರ್‌ಮ್ಯಾನನ ಭಾರಿ ಚಲನಚಿತ್ರ ಸಿದ್ಧವಾಗಲಿದೆಯೆಂಬ ಸುದ್ದಿ ಹೊರಬಿದ್ದಿತು. ಮುಂದೆ ನಾಯಕನ ತಂದೆಯ ಸಣ್ಣ ಪಾತ್ರವೊಂದಕ್ಕೇ ಮಾರ್ಲನ್ ಬ್ರಾಂಡೊ ಅವರಿಗೆ 37 ಲಕ್ಷ ಡಾಲರು ಸಂದಿತು. ಸೀಗಲ್ ತಮ್ಮ ಸಂಕಟವನ್ನೆಲ್ಲ ಹೇಳಿಕೊಂಡು, ಆ ಚಿತ್ರವನ್ನು ಶಪಿಸಿ, ದೀರ್ಘವಾದೊಂದು ಪತ್ರವನ್ನು ಪತ್ರಿಕೆಗಳಿಗೆ ಕಳುಹಿಸಿದರು. ನ್ಯಾಯಾಲಯದಲ್ಲಿ ದೊರೆಯದ ಫಲ ಲೋಕಾಭಿಪ್ರಾಯದಿಂದ ದೊರೆಯಿತು. ನೀಲ್ ಆ್ಯಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಚಿತ್ರಕಾರರು ಮುಂದೆ ನಿಂತರು, ವ್ಯಂಗ್ಯಚಿತ್ರಕಾರರ ಸಂಘ ಬೆಂಬಲಿಸಿತು, ಪತ್ರಿಕೆಗಳು ಬರೆದವು. ಹಕ್ಕುಗಳನ್ನು ಹೊಂದಿದ್ದ ವಾರ್ನರ್ ಸಂಸ್ಥೆ ಡಿಸೆಂಬರ್ ತಿಂಗಳಲ್ಲಿ ಒಪ್ಪಂದಕ್ಕೆ ಬಂದಿತು. ಇಬ್ಬರಿಗೂ ಜೀವಾವಧಿ ವರ್ಷಕ್ಕೆ 20,000 ಡಾಲರಿನಂತೆ ವೇತನ, ವೈದ್ಯಕೀಯ ವೆಚ್ಚದ ಏರ್ಪಾಡು. ಹಣದ ಮಾತು ಬೇಗ ಮುಗಿಯಿತಂತೆ. ಕೊನೆಯವರೆಗೂ ಹಗ್ಗಜಗ್ಗಾಟ ನಡೆದದ್ದು ಹೆಸರಿನ ಬಗ್ಗೆ. ಅದಕ್ಕೂ ಸಂಸ್ಥೆ ಸಮ್ಮತಿಸಿತು. 1978ರ ಡಿಸೆಂಬರಿನಲ್ಲಿ ಆ ಚಿತ್ರ ಬಿಡುಗಡೆಯಾದಾಗ, ಸೂಪರ್‌ಮ್ಯಾನನ ಸೃಷ್ಟಿಕರ್ತರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಸಾಲು ತೆರೆಯ ಮೇಲೆ ಮೂಡಿತು.

ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ನಿಧನರಾದರು. ಅವರ ವಾರಸುದಾರರು ಹಕ್ಕುಗಳಿಗಾಗಿ ಮತ್ತೆ ನಡೆಸಿದ ವ್ಯಾಜ್ಯದಲ್ಲಿ 2013ರಲ್ಲೂ ತೀರ್ಪು ಸಂಸ್ಥೆಯ ಪರವಾಗಿಯೇ ಬಂದಿತು. ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದಕ್ಕೂ ಮೊದಲು, 2012ರಲ್ಲಿ, ಪ್ರಕಾಶಕರು 1938ರಲ್ಲಿ ಬರೆದುಕೊಟ್ಟಿದ್ದ ಚೆಕ್ಕೇ ಹರಾಜಿಗೆ ಬಂದಿತ್ತು. ಇತರ ಕಥೆಗಳ ಸಂಭಾವನೆಯೂ ಸೇರಿ ಅದರ ಮೊತ್ತ 412 ಡಾಲರು. ಅದರಲ್ಲಿ ಸೂಪರ್‌ಮ್ಯಾನನ ಲೆಕ್ಕಕ್ಕೆ ಬರೆದದ್ದು 130. ಸಂಗ್ರಾಹಕರೊಬ್ಬರು ಆ ಹಳೆಯ ಕಾಗದಕ್ಕೆ 1,60,000 ಡಾಲರು ತೆತ್ತರು. ಅದರ ಹಿಂಬದಿಯಲ್ಲಿ ಗೆಳೆಯರಿಬ್ಬರ ರುಜುಗಳೂ ಇವೆ.