ಮುಚ್ಚಳದೊಳಗಿನ ನಂಬರು

ನಮ್ಮ ಹಜಾರದ ಗಾಜಿನ ಕಪಾಟು ನೋಡಿದವರು ಮೊದಲು ಕೇಳುವುದು, "ಪಿಸ್ತೂಲು ಎಲ್ಲಿದೆ ಸಾರ್?" ಎಂದು. ಪಿಸ್ತೂಲು ಇಲ್ಲ. ಅದಕ್ಕೆ ಲೈಸೆನ್ಸು ಬೇಕು, ನನಗೆ ಅದರ ಆಸೆಯೂ ಇಲ್ಲ. ನಾನು ಕೂಡಿಸುವುದು ಅದನ್ನಿಡುವ ಚೀಲ, ಅಂದರೆ ಹೋಲ್‌ಸ್ಟರ್. ಜೊತೆಗೆ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕಿನೊಳಗೆ ಕೂತು ಕಾದಿದವರ ಟೋಪಿ, ಪಟ್ಟಿ, ಧೂಳಿನ ಕನ್ನಡಕ.

ಮಕ್ಕಳೇ, ಟ್ಯಾಂಕಿನೊಳಗೆ ಎಷ್ಟು ಇಕ್ಕಟ್ಟು ಗೊತ್ತೇ? ಎತ್ತ ತಿರುಗಿದರೂ ಕಬ್ಬಿಣ. ತಲೆ ಬಡಿಯದಿರಲೆಂದು ರಷ್ಯದವರು ದಪ್ಪ ದಿಂಡುಗಳಿರುವ ಮೆತ್ತನೆಯ ಟೋಪಿ ಹೊಲಿದರು. ಬ್ರಿಟಿಷ್ ಟ್ಯಾಂಕ್ ದಳಕ್ಕೆ 1924ರಲ್ಲಿ ಕಪ್ಪು ಬೆರೆ ಟೋಪಿ ಬಂತು. ಕಪ್ಪಿನ ಮೇಲೆ ಎಣ್ಣೆ ಜಿಡ್ಡು ಕಾಣುವುದಿಲ್ಲವಲ್ಲ! ಅಡುಗೆಮನೆಯ ಮಸಿಬಟ್ಟೆಯ ಲೆಕ್ಕವೇ.

ನನ್ನ ಮೆಚ್ಚಿನದು ಬ್ರಿಟಿಷ್ ಟ್ಯಾಂಕ್ ಸೈನಿಕರ ಹೋಲ್‌ಸ್ಟರ್. ದಪ್ಪ ಹತ್ತಿಯ ನೇಯ್ಗೆ. ಮೊದಲು ಮಾಡಿದ್ದು ಸೊಂಟದಿಂದ ಉದ್ದ ಪಟ್ಟಿಯಲ್ಲಿ ಇಳಿದು ತೊಡೆಗೆ ಬಿಗಿಯುವಂಥದ್ದು. ಆರು ಗುಂಡು ಸಿಕ್ಕಿಸಲು ಆರು ಕುಣಿಕೆ. ಥೇಟ್ ಸಿನಿಮಾದ ಕೌಬಾಯ್! ಆದರೆ ಟ್ಯಾಂಕಿನ ಕಿರುಬಾಗಿಲಲ್ಲಿ ಹತ್ತಿ ಇಳಿಯುವಾಗ ಅದು ಸಿಕ್ಕಿಕೊಳ್ಳುತ್ತಿತ್ತು. ಹೊತ್ತಿ ಉರಿಯುವ ಟ್ಯಾಂಕಿನಿಂದ ಹೊರಗೆ ಹಾರುವವನಿಗೆ ಹಾಗಾದರೆ? ಆಮೇಲೆ ಪಟ್ಟಿ ಗಿಡ್ಡವಾಗಿ ಚೀಲ ಸೊಂಟಕ್ಕೇರಿತು.

ಹತ್ತು ವರ್ಷದ ಹಿಂದೆ ಹಳೆ ಸಾಮಾನಿನ ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು. ಮೈತುಂಬ ಕೊಳೆ. ಸೋಪಿನ ನೀರಲ್ಲಿ ನೆನೆಹಾಕಿ ಬ್ರಷ್ಷಿನಿಂದ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ, ಮುಚ್ಚಳದ ಒಳಮಗ್ಗುಲಲ್ಲಿ ಶಾಯಿಯಿಂದ ಬರೆದಿದ್ದ ಸೈನಿಕನ ನಂಬರು ಮಾಯ! ನಾನು ಬರೆದಿಟ್ಟುಕೊಂಡಿರಲಿಲ್ಲ, ಫೋಟೋನೂ ತೆಗೆದಿರಲಿಲ್ಲ. ನಂಬರು ಇದ್ದಿದ್ದರೆ ಹೆಸರು ಹುಡುಕಬಹುದಿತ್ತು. ಅವನು ಮನೆಗೆ ಮರಳಿದನೋ ಇಲ್ಲವೋ ತಿಳಿಯಬಹುದಿತ್ತು. ಎಪ್ಪತ್ತು ವರ್ಷ ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೊಳೆದು ಚರಂಡಿಗೆ ಬಿಟ್ಟೆ. ಆ ರಾತ್ರಿ ಊಟ ಸೇರಲಿಲ್ಲ.

ಈಗ ಒಣ ಬ್ರಷ್ಷು ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲೂ ಕಟ್ಟಿಡುವುದಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಜ್ಜಿಯಂದಿರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಯಾರದಾದರೂ ಮಿಲಿಟರಿ ಬೆಲ್ಟು, ಕಿಟ್‌ಬ್ಯಾಗು ಇದ್ದರೆ ಒಗೆಯಲು ಹಾಕುವ ಮುನ್ನ ಒಮ್ಮೆ ಮಗುಚಿ ನೋಡಿ.

ಕಳೆದ ವಾರ ಮೊಮ್ಮಗಳು ಭೂತಗನ್ನಡಿ ಹಿಡಿದು ಆ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಕೂತಿದ್ದಳು. "ತಾತ, ಇಲ್ಲೊಂದು 7 ಇದೆ! ಪಕ್ಕದಲ್ಲಿ... 9 ಇರಬೇಕು."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಉಳಿದ ಅಂಕಿಗಳಿಗೆ ಜಾಗ ಬಿಟ್ಟಿದ್ದಾಳೆ.