ಕಿರದಳ್ಳಿಯ ಅಂಗೈ, ತೈವಾನಿನ ಲೆಕ್ಕ

ಅಫಜಲಪುರದ ನಮಗೆ ಭೀಮೆ ಬತ್ತಿದರೆ ಬೋರಿನ ನೀರೇ ಗತಿ. ಕುಡಿಯಲು ಸಿಹಿ ಇದ್ದರೆ ಸಾಕು, ನೀರು ಒಳ್ಳೆಯದೆಂದೇ ಲೆಕ್ಕ. ಆದರೆ ನೀರಿನಲ್ಲಿ ಬೆರೆತ ಆರ್ಸೆನಿಕ್ ಎಂಬ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹೀಗಾಗಿ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅದನ್ನು ಮೊದಲು ತೋರಿಸಿಕೊಟ್ಟದ್ದು ಜನರ ಚರ್ಮ. ಅಂಗೈ, ಅಂಗಾಲುಗಳಲ್ಲಿ ಗಂಟು ಎದ್ದವು, ಎದೆಯ ಮೇಲೆ ಕಪ್ಪು ಚುಕ್ಕೆಗಳು ಮೂಡಿದವು.

ತಾಂಡಾಕ್ಕೆ ಹತ್ತಿರದಲ್ಲೇ ಮಂಗಳೂರಿನ ಚಿನ್ನದ ಗಣಿ. ಕರಾವಳಿಯ ಮಂಗಳೂರಲ್ಲ, ಇದು ನಮ್ಮ ಕಡೆಯದು. ನಿಜಾಮರ ಕಾಲದಲ್ಲೇ ಅಗೆದಿದ್ದ ಈ ಗಣಿಯನ್ನು ಮತ್ತೆ ತೆರೆದು, 1990ರ ದಶಕದಲ್ಲಿ ಮುಚ್ಚಿದರು. ಇಲ್ಲಿ ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ ಇರುತ್ತದೆ. ಅದಿರು ಅರೆದು ಚಿನ್ನ ಒಯ್ದರು, ಪುಡಿ ಇಲ್ಲೇ ಉಳಿಯಿತು.

ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರ ತಂಡ 2013ರಲ್ಲಿ ಪ್ರಕಟಿಸಿದ ವರದಿಯನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು. ಒಂದರಲ್ಲಿ 303 ಇತ್ತು. ತಪಾಸಣೆಗೆ ಬಂದ 181 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನರ ಚರ್ಮದಲ್ಲಿ ಗುರುತುಗಳಿದ್ದವು. ಅನುಮಾನ ಬಂದ ನಾಲ್ವರ ಚರ್ಮದ ಚೂರು ತೆಗೆದು ನೋಡಿದರು, ಮೂವರಲ್ಲಿ ಅದು ಆರ್ಸೆನಿಕ್‌ನದೇ ರೋಗವೆಂದು ಖಚಿತವಾಯಿತು.

ಆ 10 ಎಂಬ ಗೆರೆ ಎಲ್ಲಿಂದ ಬಂತು?

ಬೇರೆ ವಿಷಗಳನ್ನು ಸಾಮಾನ್ಯವಾಗಿ ಇಲಿಗಳಿಗೆ ತಿನ್ನಿಸಿ ನೋಡಿ, ಆಮೇಲೆ ಮನುಷ್ಯರ ಅಪಾಯ ಅಂದಾಜು ಮಾಡುತ್ತಾರೆ. ಇಲ್ಲಿ ತಿರುಗುಮುರುಗಾಯಿತು. ಪ್ರಯೋಗದ ಇಲಿಗಳಲ್ಲಿ ಗಡ್ಡೆ ಏಳಲೇ ಇಲ್ಲ ಎಂದು ವಿಜ್ಞಾನಿಗಳು ದಶಕಗಟ್ಟಲೆ ಅನುಮಾನಿಸುತ್ತಿದ್ದಾಗ ಸಾಕ್ಷಿ ಸಿಕ್ಕಿದ್ದು ಮನುಷ್ಯರಲ್ಲಿ. ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 1887ರಲ್ಲೇ ಆರ್ಸೆನಿಕ್ ಔಷಧಿ ಕುಡಿದ ರೋಗಿಗಳ ಚರ್ಮದಲ್ಲಿ ಕ್ಯಾನ್ಸರ್ ಕಂಡಿದ್ದ. ಆದರೆ ಎಷ್ಟು ಕುಡಿದರೆ ಎಷ್ಟು ಅಪಾಯ ಎಂಬ ಲೆಕ್ಕ ಕೊಟ್ಟದ್ದು ತೈವಾನಿನ ಬಡ ಹಳ್ಳಿಗಳು. ಅಲ್ಲಿನ ನೈರುತ್ಯ ಕರಾವಳಿಯಲ್ಲಿ ಮೇಲಿನ ನೀರು ಉಪ್ಪೆಂದು ಆಳದ ಬಾವಿ ಕೊರೆದರು. ಆಳದಲ್ಲಿ ಆರ್ಸೆನಿಕ್ ಇತ್ತು. ತ್ಸೆಂಗ್ ಎಂಬ ವೈದ್ಯರ ತಂಡ 37 ಹಳ್ಳಿಗಳಲ್ಲಿ 40,421 ಜನರ ಮೈ ಪರೀಕ್ಷಿಸಿತು. 1968ರ ಅವರ ಪ್ರಬಂಧದಲ್ಲಿ 428 ಚರ್ಮ ಕ್ಯಾನ್ಸರ್‌ಗಳ ದಾಖಲೆಯಿದೆ. ನೀರಿನಲ್ಲಿ ಆರ್ಸೆನಿಕ್ ಹೆಚ್ಚಿದಂತೆ, ವಯಸ್ಸು ಏರಿದಂತೆ ರೋಗವೂ ಏರಿತ್ತು. ಮುಂದೆ ಅಮೆರಿಕದವರು ಅಪಾಯ ಲೆಕ್ಕ ಹಾಕಿದ್ದೂ ಈ ರೈತರು, ಮೀನುಗಾರರ ಮೈಯ ಆಧಾರದಲ್ಲೇ.

1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನು 50ರಿಂದ 10ಕ್ಕೆ ಇಳಿಸಿತು. ಅದಕ್ಕಿಂತ ಕಡಿಮೆ ಅಳೆಯುವುದು, ಶುದ್ಧ ಮಾಡುವುದು ಕಷ್ಟವೆಂದು ಅಲ್ಲಿಗೆ ನಿಲ್ಲಿಸಿದರೇ ಹೊರತು 10 ನಿರಪಾಯವೆಂದಲ್ಲ. ನಮ್ಮ ದೇಶದ 2012ರ ಮಾನಕವೂ 10 ಎಂದಿತು. ಆದರೆ ಬೇರೆ ನೀರಿಲ್ಲದ ಕಡೆ 50ರವರೆಗೆ ಇರಲಿ ಎಂದು ಆಗ ಬಿಟ್ಟಿತ್ತು; ಆ ಸಡಿಲಿಕೆಯನ್ನು ಮುಂದೆ ತೆಗೆದರು. ಬೇರೆ ನೀರಿಲ್ಲದವರು ಯಾರು? ತಾಂಡಾದವರೇ ಅಲ್ಲವೇ? ಆ ಸಾಲು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಬೋರು ಕೊರೆದವರದು ಕೆಟ್ಟ ಉದ್ದೇಶವಲ್ಲ. ನಮ್ಮ ಸೀಮೆಯ ಮೆಟ್ಟಿಲುಬಾವಿಗಳಲ್ಲಿ ನಾರುಹುಣ್ಣಿನ ಹುಳುವಿನ ಕಾಟವಿತ್ತು. ಕೈಪಂಪು ಬಂದು ಆ ಹುಳು ಹೋಯಿತು, 2000ದಲ್ಲಿ ದೇಶವೇ ಅದರಿಂದ ಮುಕ್ತವಾಯಿತು. ಬಾವಿಗಳು ಮಾತ್ರ ಹಾಳುಬಿದ್ದವು. ಆಳದ ನೀರಿನಲ್ಲಿ ಏನಿದೆಯೆಂದು ಊರೂರಿಗೆ ಹೋಗಿ ನೋಡುವ ಕೆಲಸ ಹಿಂದೆಬಿತ್ತು.

ತಾಂಡಾದವರು ವರ್ಷಗಟ್ಟಲೆ ಆರ್ಸೆನಿಕ್ ವಿಷಕ್ಕೆ ಒಡ್ಡಿಕೊಂಡಿದ್ದರು. ಚಿಲಿಯ ಆಂತೊಫಗಸ್ತಾ ನಗರ 1958ರಿಂದ 1970ರವರೆಗೆ ಇಂಥದೇ ನೀರು ಕುಡಿದಿತ್ತು. ನೀರು ಸರಿಹೋಗಿ ದಶಕಗಳು ಕಳೆದ ಮೇಲೂ ಅಲ್ಲಿ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಹೆಚ್ಚಾಗಿಯೇ ಇದ್ದವು. ಕಿರದಳ್ಳಿಯ ಅಂದಿನ ಮಕ್ಕಳು ದುಡಿಯಲು ಪುಣೆ, ಮುಂಬೈಗೆ ಹೋದರೆ, ಅಲ್ಲಿನ ಡಾಕ್ಟರು ಬೀಡಿ, ತಂಬಾಕಿನ ಬಗ್ಗೆ ಕೇಳಿಯಾರು; ಯಾವ ಊರ ನೀರು ಕುಡಿದು ಬೆಳೆದಿರಿ ಎಂದು ಯಾರು ಕೇಳುತ್ತಾರೆ? ಆ ತಪಾಸಣೆಗೆ ಕೈಯೊಡ್ಡಿದ ಒಬ್ಬೊಬ್ಬರ ಹೆಸರೂ ಜಿಲ್ಲಾ ಆಸ್ಪತ್ರೆಯ ಪಟ್ಟಿಯಲ್ಲಿರಬೇಕು, ವರ್ಷಕ್ಕೊಮ್ಮೆ ಅವರನ್ನು ಕರೆದು ನೋಡಬೇಕು, ಇನ್ನೂ 30 ವರ್ಷ.