ಹೊಸ ಕೋವಿಯೋ? ಹಳೆಯ ಕೋವಿಯೋ?

ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬರುವ ನೆಂಟರಿಷ್ಟರು ನನ್ನಿಂದ ಸಾಮಾನ್ಯವಾಗಿ ಎರಡೇ ಬಗೆಯ ಸಲಹೆಗಳನ್ನು ಕೇಳುವುದುಂಟು: ಮಗುವಿಗೆ ಏನು ಹೆಸರಿಡಬೇಕು, ಲಗ್ನಪತ್ರಿಕೆಯ ಒಕ್ಕಣೆ ಹೇಗಿರಬೇಕು. ಕನ್ನಡದ ಉಪನ್ಯಾಸಕನಿಂದ ಲೋಕವು ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದಿಲ್ಲ. ಹೀಗಿರಲು, ಕಳೆದ ವರ್ಷ ಸುಗ್ಗಿ ಮುಗಿದೊಡನೆ ಕುರುಗೋಡಿನ ಕಡೆಯಿಂದ ಬಂದ ನಮ್ಮ ಭಾವನವರು ಕಾಫಿಯ ಲೋಟವನ್ನು ಕೆಳಗಿಡುತ್ತಲೇ, “ಬಂದೂಕು ಕೊಳ್ಳುವುದಾದರೆ ಹೊಸದು ಒಳ್ಳೆಯದೋ, ಹಳೆಯದು ಒಳ್ಳೆಯದೋ?” ಎಂದು ಕೇಳಿದಾಗ ನಾನು ತುಸು ಬೆಚ್ಚಿದುದು ನಿಜ.

ಭಾವನವರು ಶೂರರಲ್ಲ, ಬೇಟೆಗಾರರೂ ಅಲ್ಲ. ಅವರ ಹೊಲ ಕಲ್ಲುಗುಡ್ಡವೊಂದರ ಬುಡದಲ್ಲಿದೆ. ಹಗಲೆಲ್ಲ ಬಂಡೆಗಳ ಮರೆಯಲ್ಲಿ ಅಡಗಿರುವ ಕಾಡುಹಂದಿಗಳು ಇರುಳಾದೊಡನೆ ಇಳಿದು ಬಂದು ಶೇಂಗಾದ ಸಾಲುಗಳನ್ನು ನೇಗಿಲು ಹೊಡೆದಂತೆ ಉತ್ತು ಹೋಗುತ್ತವೆ. ತಮಟೆ ಬಾರಿಸಿದ್ದಾಯಿತು, ಪಟಾಕಿ ಸುಟ್ಟದ್ದಾಯಿತು, ಅಕ್ಕನ ಹಳೆಯ ಸೀರೆಗಳೆಲ್ಲ ಹೊಲದ ಸುತ್ತ ಬೇಲಿಯಾದುವು. ಕಡೆಗೆ ಅರ್ಜಿ ಹಾಕಿಕೊಂಡು, ಕಚೇರಿಯ ಮೆಟ್ಟಲುಗಳನ್ನು ಬಹುಕಾಲ ಹತ್ತಿ ಇಳಿದು, ಜೋಡಿನಳಿಗೆಯ ಬಂದೂಕೊಂದಕ್ಕೆ ಪರವಾನಗಿ ಪಡೆದು ಬಂದಿದ್ದರು.

ವಾಚಕರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಯಾವ ಬಂದೂಕು ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ಅಂಗಡಿಯಲ್ಲ, ಕಾಯಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಬೆಳೆಯ ರಕ್ಷಣೆಗೆ ಅದು ಮೊದಲು ಸೂಚಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನುಣುಪು ನಳಿಗೆಯ ಬೇರೆ ಬಂದೂಕು. ಪರವಾನಗಿಯ ಹಾಳೆಯಲ್ಲಿ ಬರೆದ ಜಾತಿಯನ್ನು ಬಿಟ್ಟು ಬೇರೆಯದನ್ನು ಕೊಳ್ಳುವಂತಿಲ್ಲ. ಇಪ್ಪತ್ತೊಂದು ವರ್ಷ ತುಂಬದವನು ಅರ್ಜಿಯನ್ನೇ ಹಾಕುವಂತಿಲ್ಲ. 2019ರ ತಿದ್ದುಪಡಿಯ ತರುವಾಯ ಸಾಮಾನ್ಯನೊಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಇನ್ನೂ ಒಂದು ಮಾತು: ಬಂದೂಕಿನ ಪರವಾನಗಿ ಹಂದಿಯನ್ನು ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯಿದೆ ಬೇರೆಯೇ ಇದೆ. ಆಕಾಶಕ್ಕೆ ಗುರಿಯಿಟ್ಟು ಸದ್ದು ಮಾಡಿ ಬೆದರಿಸುವುದಷ್ಟೇ ಭಾವನವರ ಉದ್ದೇಶವಾಗಿದ್ದಿತು.

ಹಳೆಯದಕ್ಕೇಕೆ ಹೆಚ್ಚು ಬೆಲೆ?

ನಮ್ಮ ಪೇಟೆಯಲ್ಲಿಯೇ ವೃದ್ಧರೊಬ್ಬರಿದ್ದಾರೆ. ಬಳ್ಳಾರಿಯು ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಎಂದರೆ 1953ಕ್ಕಿಂತ ಎಷ್ಟೋ ಮೊದಲು, ಅವರ ಅಜ್ಜನವರು ಕೊಂಡು ತಂದ ಇಂಗ್ಲೆಂಡಿನ ಜೋಡಿನಳಿಗೆಯೊಂದು ಅವರ ಮನೆಯಲ್ಲಿದ್ದಿತು. ಮಗ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ. ಬಂದೂಕೆಂದರೆ ಅವನಿಗೆ ಬೇಸರ. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿ, ಮತ್ತೆ ಬಿಡಿಸಿ ತರುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಆದುದರಿಂದ ಯೋಗ್ಯರಾದವರಿಗೆ ಮಾರುವ ಮನಸ್ಸು ಮಾಡಿದ್ದರು. ಬೆಲೆಯನ್ನು ಕೇಳಿ ಭಾವನವರು ಕಣ್ಣರಳಿಸಿದರು. ಹೊಸ ಬಂದೂಕಿಗಿಂತ ಅದೇ ದುಬಾರಿ!

ಸೈಕಲ್ಲಾಗಲಿ, ಎತ್ತಿನ ಬಂಡಿಯಾಗಲಿ, ಹಳೆಯದಾದಂತೆ ಬೆಲೆ ಇಳಿಯುವುದು ಲೋಕರೂಢಿ. ಬಂದೂಕಿನ ವಿಷಯದಲ್ಲಿ ನಮ್ಮ ದೇಶದಲ್ಲಿ ಗಾಳಿ ಹಿಂದುಮುಂದಾಗಿ ಬೀಸುತ್ತದೆ. ಕಾರಣವಿಷ್ಟೆ: 1980ರ ದಶಕದ ನಡುಭಾಗದಿಂದ ಖಾಸಗಿಯವರು ಹೊರದೇಶದ ಬಂದೂಕುಗಳನ್ನು ತರಿಸಿಕೊಳ್ಳುವುದು ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೆ ಮೊದಲೇ ಇಲ್ಲಿಗೆ ಬಂದಿದ್ದ ವೆಬ್ಲಿ, ಗ್ರೀನರ್ ಮುಂತಾದ ವಿಲಾಯಿತಿ ಹೆಸರಿನ ಬಂದೂಕುಗಳು ಕೈಯಿಂದ ಕೈಗೆ ದಾಟಬೇಕೇ ಹೊರತು ಹೊಸತಾಗಿ ಹುಟ್ಟುವಂತಿಲ್ಲ. ಹೊಸದು ಬೇಕೆಂದವರಿಗೆ 1904ರಲ್ಲಿ ಆರಂಭವಾದ ಬಂಗಾಳದ ಇಶಾಪುರದ ಸರಕಾರಿ ಕಾರ್ಖಾನೆಯದೋ, ಬಿಹಾರದ ಮುಂಗೇರಿನಂಥ ಊರುಗಳ ಕಾರ್ಖಾನೆಗಳದೋ ಬಂದೂಕುಗಳುಂಟು. ಅವುಗಳಿಗೆ ರೂಪ ಸಾಧಾರಣ, ಬೆಲೆ ಮಿತ. ಹೀಗಾಗಿ ಹಳೆಯದಕ್ಕೆ ನಾವು ತೆರುವ ಹಣದಲ್ಲಿ ಕಬ್ಬಿಣದ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂಬುದು ವಿಚಾರಾರ್ಹ.

ಹೆಸರಿನ ಜೊತೆಗೆ ಮಮತೆಯೂ ಸೇರಿದೆಯೆನ್ನಬೇಕು. ಆಯುಧವನ್ನು ಕೈಬಿಡುವುದೆಂದರೆ ಮಾನವನ್ನು ಕೈಬಿಟ್ಟಂತೆ ಎಂಬ ಭಾವನೆ ನಮ್ಮ ನಾಡಿನಲ್ಲಿ ಹಳೆಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಕುಂಪಣಿ ಸರಕಾರ ವಿಧಿಸಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಪ್ರಾಣ ತೆತ್ತರು. ಅವರ ಲಾವಣಿಯನ್ನು ನಾನು ತರಗತಿಯಲ್ಲಿ ಪಾಠ ಹೇಳುವಾಗ ಹಿಂದಿನ ಬೆಂಚಿನ ಹುಡುಗರೂ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ವೃದ್ಧರು ಆ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದ ರೀತಿಯನ್ನು ಕಂಡಾಗ, ಚೌಕಾಸಿಯ ಮಾತೆತ್ತಲು ನಮ್ಮಿಬ್ಬರಿಗೂ ನಾಲಗೆ ಏಳಲಿಲ್ಲ. ನಳಿಗೆಯ ಮೇಲೆ ಹಾವಿನ ಪೊರೆಯಂತೆ ಸುರುಳಿಸುರುಳಿಯಾದ ಚಿತ್ತಾರ. ಭಾವನವರು ಅದಕ್ಕೆ ಆಗಲೇ ಮನಸೋತಿದ್ದರು.

ಕೊಳವೆಯ ಪರೀಕ್ಷೆ

ಬಂದೂಕು ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಮಾತು. ತುಪಾಕಿಯ ಬೇರು ತುರ್ಕಿಯಲ್ಲಿದೆ. ಕೋವಿ ಮಾತ್ರ ನಮ್ಮದು. ಕೋವಿಯೆಂದರೆ ಕೊಳವೆ. ನಿಘಂಟಿನ ಈ ಅರ್ಥದಲ್ಲಿಯೇ ಬಂದೂಕಿನ ಪರೀಕ್ಷೆಯ ಮರ್ಮವೆಲ್ಲ ಅಡಗಿದೆಯೆಂಬುದು ನನಗೆ ಗೊತ್ತಾದದ್ದು, ಪರವಾನಗಿ ಪಡೆದ ಕೋವಿ ದುರಸ್ತಿಗಾರರೊಬ್ಬರ ಅಂಗಡಿಯಲ್ಲಿ. ವೃದ್ಧರು ತಮ್ಮ ಪರವಾನಗಿಯ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ಬಂದೂಕನ್ನು ತಾವೇ ತಂದಿದ್ದರು. ಮಾರಾಟಕ್ಕೆ ಮುನ್ನ ಅದು ಇನ್ನೊಬ್ಬರ ವಶದಲ್ಲಿರುವಂತಿಲ್ಲ.

ದುರಸ್ತಿಗಾರರು ಮೊದಲು ಬಂದೂಕನ್ನು ಮುರಿದು ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ಬೆರಳಿಟ್ಟೂ ನೋಡಿದರು. “ಖಾಲಿ ಎಂದು ಹೇಳಿದ ಬಂದೂಕೇ ಹೆಚ್ಚು ಜನರನ್ನು ಕೊಲ್ಲುತ್ತದೆ” ಎಂದರು. ಬಳಿಕ ನಳಿಗೆಗಳನ್ನು ಬಿಚ್ಚಿ, ಕೊಕ್ಕೆಯಿಂದ ತೂಗುಬಿಟ್ಟು, ಬೆರಳ ಗಂಟಿನಿಂದ ಮೆಲ್ಲನೆ ತಟ್ಟಿದರು. ಎರಡು ನಳಿಗೆಗಳನ್ನೂ ನಡುವಣ ಪಟ್ಟಿಯನ್ನೂ ಕೂಡಿಸಿದ ಬೆಸುಗೆ ಗಟ್ಟಿಯಾಗಿದ್ದರೆ ಗುಡಿಯ ಗಂಟೆಯಂತೆ ನಾದ ಎಳೆದು ನಿಲ್ಲಬೇಕಂತೆ. ಇಲ್ಲಿ ಕೇಳಿಬಂದದ್ದು ಒಡೆದ ಮಡಕೆಯ ಸದ್ದು. ವೃದ್ಧರ ಮುಖ ಸಪ್ಪಗಾಯಿತು.

ತರುವಾಯ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಕನ್ನಡಿಯಂತೆ ಹೊಳೆಯಬೇಕಾದ ಒಳಮೈಯಲ್ಲಿ ತೋಟಾ ಕೂರುವ ಕಡೆಯಿಂದ ಮುಂದಕ್ಕೆ ಸಿಡುಬಿನ ಕಲೆಗಳಂಥ ತುಕ್ಕಿನ ಗುಳಿಗಳು. ನಳಿಗೆಯ ಹಿಂಬದಿಯೂ ಅದನ್ನು ತಡೆದು ನಿಲ್ಲುವ ಉಕ್ಕಿನ ಗೋಡೆಯೂ ಒಂದಕ್ಕೊಂದು ಅಂಟಿ ಕೂರಬೇಕು. ಇಲ್ಲಿ ನಡುವೆ ತೆಳ್ಳನೆಯ ಕಾಗದದ ಚೂರೊಂದು ತಡೆಯಿಲ್ಲದೆ ನುಸುಳಿತು.

ಕೊನೆಯದಾಗಿ ಅವರು ಭೂತಗನ್ನಡಿಯನ್ನು ಹಿಡಿದು ನಳಿಗೆಯ ಅಡಿಯ ಮುದ್ರೆಗಳನ್ನು ಓದಿದರು. ಇಂಗ್ಲೆಂಡಿನಲ್ಲಿ ಬಂದೂಕನ್ನು ಮಾರುವ ಮುನ್ನ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿಕೊಂಡರೆ ಮಾತ್ರ ಮುದ್ರೆಯೊತ್ತುವ ಪದ್ಧತಿಯಿದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಶಾಸನದಿಂದ ಸ್ಥಾಪಿತವಾದುದು. ಈ ಬಂದೂಕಿಗೆ ಬಿದ್ದಿದ್ದುದು ಕಪ್ಪುಮದ್ದಿನ ಮುದ್ರೆ ಮಾತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದು, ಅದಕ್ಕೆ ನೈಟ್ರೋ ಎಂಬ ಬೇರೆ ಮುದ್ರೆ ಬಂದಿತು. ಇಂದು ಅಂಗಡಿಯಲ್ಲಿ ಸಿಗುವ ತೋಟಾಗಳಲ್ಲಿರುವುದು ಈ ಹೊಸ ಮದ್ದು. ಭಾವನವರು ಮನಸೋತಿದ್ದ ಚಿತ್ತಾರದ ಗುಟ್ಟೂ ಆಗ ಬಯಲಾಯಿತು: ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿನ ಸುತ್ತ ಸುತ್ತಿ, ಬೆಸೆದು ಮಾಡಿದ್ದು. ಎಷ್ಟು ಸುತ್ತುಗಳೋ ಅಷ್ಟು ಬೆಸುಗೆಗಳು. ಯಾವ ಬೆಸುಗೆಯೊಳಗೆ ತುಕ್ಕು ಸೇರಿದೆಯೋ ಹೊರಗಿನಿಂದ ಕಾಣದು.

ಇನ್ನೂ ಒಂದು ತೊಡಕು. ಹನ್ನೆರಡು ಬೋರು ಎಂದರೆ ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ಕೊಳವೆ. ಈ ಅಗಲ ಹಳೆಯದಕ್ಕೂ ಹೊಸದಕ್ಕೂ ಒಂದೇ. ಆದರೆ ತೋಟಾದ ಮನೆಯ ಉದ್ದ ಒಂದೇ ಅಲ್ಲ. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಅದು ಸಾಮಾನ್ಯವಾಗಿ 65 ಮಿಲಿಮೀಟರು, ಈಗಿನವುಗಳಲ್ಲಿ 70. ಉದ್ದನೆಯ ತೋಟಾ ಗಿಡ್ಡ ಮನೆಯೊಳಗೆ ಸಲೀಸಾಗಿಯೇ ಹೋಗಿ ಕೂರುತ್ತದೆ. ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡವೇರುತ್ತದೆ.

“ಇದನ್ನು ಹಾರಿಸಿ ಎಷ್ಟು ಕಾಲವಾಯಿತು?” ಎಂದು ದುರಸ್ತಿಗಾರರು ಕೇಳಿದರು. “ಆಯುಧಪೂಜೆಗೆ ಕುಂಕುಮ ಹಚ್ಚುವುದಷ್ಟೆ” ಎಂದರು ವೃದ್ಧರು. “ಬದುಕಿದಿರಿ” ಎಂದು ಅವರು ನಳಿಗೆಗಳನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಭಾವನವರ ಎಡಗೈ ಮೇಜಿನ ಮೇಲೆ ನಳಿಗೆಯ ಪಕ್ಕದಲ್ಲಿಯೇ ಇದ್ದಿತು. ಹಾರಿಸುವಾಗ ಆ ಕೈ ಇರುವ ಜಾಗವೂ ಅದೇ. ಅವರು ಅದನ್ನು ಮೆತ್ತಗೆ ಹಿಂದಕ್ಕೆಳೆದುಕೊಂಡುದನ್ನು ನಾನು ಕಂಡೆ.

ಹಳೆಯದೆಲ್ಲ ಕೆಟ್ಟದೆ?

ಹಾಗೆಂದು ಹಳೆಯದೆಲ್ಲ ಕೆಟ್ಟದೆಂದರೆ ಅನ್ಯಾಯವಾದೀತು. ಕೊಡಗಿನತ್ತ ನೋಡಿ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು; 2021ರಲ್ಲಿ ರಾಜ್ಯದ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ವಾಡಿಕೆಯುಂಟು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಅಂಥ ಮನೆಯಲ್ಲಿ ಅಜ್ಜನ ಕೋವಿ ಮೊಮ್ಮಗನಿಗೆ ಹಳೆಯದಾದರೂ ಅಪರಿಚಿತವಲ್ಲ. ಅದು ಎಂದು ಬಿದ್ದಿತು, ಎಂದು ನೆನೆಯಿತು, ಯಾವ ಮದ್ದು ತಿಂದಿತು ಎಂಬುದೆಲ್ಲ ಮನೆಯವರಿಗೆ ಗೊತ್ತು. ನೈಟ್ರೋ ಮುದ್ರೆಯಿದ್ದು, ಒಳಮೈ ಶುಭ್ರವಾಗಿದ್ದು, ಕೀಲು ಬಿಗಿಯಾಗಿರುವ ಹಳೆಯ ಬಂದೂಕು ಇನ್ನೂ ಒಂದು ತಲೆಮಾರು ಬಾಳೀತು. ಕೊಳ್ಳುವವನಿಗೆ ಬೇಕಾದುದು ಬಂದೂಕಿನ ವಯಸ್ಸಲ್ಲ, ಅದರ ಚರಿತ್ರೆ.

ಆ ಚರಿತ್ರೆ ಕಾಗದದಲ್ಲಿಯೂ ಇರಬೇಕು. ಖಾಸಗಿಯವನು ತನ್ನ ಬಂದೂಕನ್ನು ಮಾರುವ ಮುನ್ನ ಕೊಳ್ಳುವವನ ಹೆಸರು, ವಿಳಾಸಗಳೊಡನೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, ಕನಿಷ್ಠ 45 ದಿನ ಕಾಯಬೇಕು. ತಯಾರಕರ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಉಜ್ಜಿ ಅಳಿಸಿದ ಬಂದೂಕನ್ನು ಮುಟ್ಟಲೇಬಾರದು; ಅದರ ಹಿಂದೆ ಯಾರ ರಕ್ತವಿದೆಯೋ ಬಲ್ಲವರಾರು! ಹೊಸದನ್ನು ಕೊಳ್ಳುವವನೂ ಅಂಗಡಿಯಲ್ಲಿಯೇ ಕೀಲು, ಕುದುರೆ, ತಡೆಗುಂಡಿಗಳನ್ನು ನೋಡಿಕೊಳ್ಳತಕ್ಕದ್ದು. ಆದರೆ ಹೊಸದಕ್ಕೊಂದು ಅನುಕೂಲವಿದೆ. ಅದರ ಚರಿತ್ರೆ ನಮ್ಮಿಂದಲೇ ಆರಂಭವಾಗುತ್ತದೆ. ತಪ್ಪು ಮಾಡಿದರೆ ಅದೂ ನಮ್ಮದೇ.

ಭಾವನವರು ಹೊಸದನ್ನೇ ಕೊಂಡರು. ಚಿತ್ತಾರವಿಲ್ಲದ ಸಾದಾ ನಳಿಗೆ, ಬಣ್ಣ ಮಾಸಿದಂಥ ಮರ. ಒಂದೇ ಒಂದು ಸಲ ಆಕಾಶಕ್ಕೆ ಹಾರಿಸಿದ್ದಾರೆ. ಹಂದಿಗಳು ಓಡಿದುವು, ಮೂರನೆಯ ದಿನ ಮರಳಿ ಬಂದುವು. ಬಂದೂಕಿನಿಂದ ಎಲ್ಲವೂ ಪರಿಹಾರವಾಗುವುದಿಲ್ಲವೆಂಬುದನ್ನೂ ಅವರು ಆ ಬೆಲೆಗೇ ಕಲಿತಂತಾಯಿತು.

ವೃದ್ಧರ ಮಾತೂ ಹೇಳಬೇಕು. ಎಪ್ಪತ್ತು ದಾಟಿದವರು ಬಂದೂಕನ್ನು ವಾರಸುದಾರನಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಗನಿಗೆ ಪತ್ರ ಬರೆಯಲೇ ಎಂದು ನಾನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಬೇಡ. ಒಡೆದ ಗಂಟೆಯನ್ನು ಮಗನ ಕೈಗೆ ಕೊಡಲಾರೆ” ಎಂದರು. ಮರುವಾರ ನಾನೇ ಅವರೊಡನೆ ಹೋಗಿ ಠಾಣೆಯಲ್ಲಿ ಅದನ್ನು ಒಪ್ಪಿಸಿ ರಸೀದಿ ಪಡೆದು ಬಂದೆ. ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ಮನೆಯ ಬಾಗಿಲಲ್ಲಿ ಮಾತ್ರ, “ನಿಮ್ಮ ಭಾವನವರು ಚೆನ್ನಾಗಿದ್ದಾರಷ್ಟೆ?” ಎಂದು ವಿಚಾರಿಸಿದರು.

ಚೆನ್ನಾಗಿದ್ದಾರೆ. ನಮ್ಮ ಅಕ್ಕ ಮಾತ್ರ ಬಂದೂಕು ಮನೆಯೊಳಗೆ ಬರುವ ಮುನ್ನ ಒಂದು ಕರಾರು ಹಾಕಿದ್ದಳು: ಮೊದಲು ಬೀಗವಿರುವ ಉಕ್ಕಿನ ಪೆಟ್ಟಿಗೆ ಬರಲಿ, ತೋಟಾಗಳಿಗೆ ಬೇರೊಂದು ಪೆಟ್ಟಿಗೆ ಬರಲಿ, ಆಮೇಲೆ ನಿಮ್ಮ ಬಂದೂಕು. “ಪೆಟ್ಟಿಗೆ ಹೊಸದೋ ಹಳೆಯದೋ?” ಎಂದು ಭಾವನವರು ಕೇಳಿದರಂತೆ. “ಬೀಗ ಗಟ್ಟಿಯಾಗಿದ್ದರೆ ಯಾವುದಾದರೂ ಸರಿ” ಎಂದಳಂತೆ ಅಕ್ಕ.